ಕೆರೆ ಹಿಂದಿನ ಹೊಸಹಳ್ಳಿ

ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕಿಟಕಿಗೆ ಬಗ್ಗಿ "ಆರೂವರೆ ಗಾಡಿ ಹೋಯ್ತಾ ಸಾರ್?" ಎಂದು ಕೇಳಿದೆ. ಅಷ್ಟೇ ಮಾತು. ಪಕ್ಕದ ಕಲ್ಲುಬೆಂಚಿನ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡು ಕೂತಿದ್ದ ಅಜ್ಜ ತಟ್ಟನೆ ತಲೆ ಎತ್ತಿದರು. ನನ್ನ ಮುಖ ನೋಡಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತಾ ಒಂದು ಗಳಿಗೆ ಸುಮ್ಮನಿದ್ದು, "ನೀನು ರೇಡಿಯೋ ಅಕ್ಕ ಅಲ್ವೇನವ್ವಾ?" ಎಂದರು.

ಹೌದಜ್ಜ ಎಂದೆ. ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ. ಅಜ್ಜ ಮಾತ್ರ ಹೊಗಳೋ ಲಹರಿಯಲ್ಲಿ ಇರಲಿಲ್ಲ. "ನಮ್ಮ ಹಟ್ಟಿ ಹೆಸರು ಈಗ್ಯಾಕೆ ಓದಲ್ಲ?" ಎಂದು ಕೇಳಿದರು. ನಾನು ಬಿಟ್ಟು ಎಂಟು ವರ್ಷ ಆಯ್ತು ಎಂದೆ. "ನೀನು ಬಿಟ್ಟಿದ್ದು ಗೊತ್ತಾತು. ಬ್ಯಾರೆ ಯಾರೂ ಓದಲ್ವಲ್ಲ?" ಎಂದರು. ಅಷ್ಟರಲ್ಲಿ ಗಾಡಿ ಬಂತು. ಉತ್ತರ ಹೇಳದೆ ಹತ್ತಿಬಿಟ್ಟೆ. ಆವತ್ತು ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಜ್ಜ ಇದನ್ನು ಓದುವುದಿಲ್ಲ, ಅದೂ ಗೊತ್ತು.

1994ರಿಂದ ಇಪ್ಪತ್ತೆರಡು ವರ್ಷ ನಾನು ಒಂದು ಸಣ್ಣ ಊರಿನ ಆಕಾಶವಾಣಿ ಕೇಂದ್ರದಲ್ಲಿ ಸಾಂದರ್ಭಿಕ ಉದ್ಘೋಷಕಿ ಆಗಿದ್ದೆ. ಕ್ಯಾಶುಯಲ್ ಅನೌನ್ಸರ್ ಅಂದರೆ ಬೇಗ ಅರ್ಥ ಆಗುತ್ತದೆ. ಊರಿನ ಹೆಸರು ಬೇಡ. ಅಲ್ಲಿ ಈಗಲೂ ಇರುವವರು ನನ್ನ ಗೆಳತಿಯರು. ನಾನು ಬರೆದದ್ದಕ್ಕೆ ಅವರು ಉತ್ತರ ಕೊಡುವ ಹಾಗಾಗಬಾರದು. ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಅದು ನಿಯಮ. ಆರು ದಿನದ ಸಂಭಾವನೆಯಲ್ಲಿ ಮನೆ ನಡೆಯುವುದಿಲ್ಲ, ಹಾಗಾಗಿ ಉಳಿದ ದಿನ ಟ್ಯೂಷನ್ ಹೇಳುತ್ತಿದ್ದೆ. ಆದರೆ ಊರಿನವರ ಲೆಕ್ಕದಲ್ಲಿ ನಾನು ವರ್ಷದ 365 ದಿನವೂ ರೇಡಿಯೋ ಅಕ್ಕನೇ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದರೆ "ರೇಡಿಯೋದಲ್ಲಿ ಅಷ್ಟು ಚೆಂದ ಮಾತಾಡ್ತೀರಿ, ಇಲ್ಲಿ ನೋಡಿದರೆ ಹಿಂಗೆ" ಎನ್ನುತ್ತಿದ್ದಳು.

ಬೆಳಗಿನ ಡ್ಯೂಟಿ ಅಂದರೆ ನಾಲ್ಕಕ್ಕೆ ಏಳಬೇಕು. ನಮ್ಮ ಯಜಮಾನರು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಸ್ಟುಡಿಯೋ ಬಾಗಿಲು ಎರಡು ಪದರದ್ದು, ತಳ್ಳಿದರೆ ಉಸಿರು ಬಿಟ್ಟ ಹಾಗೆ ಸದ್ದು. ಒಳಗೆ ಹೋದ ತಕ್ಷಣ ಕಿವಿ ಮುಚ್ಚಿದಂತೆ ಆಗುತ್ತಿತ್ತು. ಯಾವ ಹೊತ್ತಿಗೆ ಏನು ಹಾಕಬೇಕು ಎಂದು ಬರೆದ ಕ್ಯೂ ಶೀಟ್ ನೋಡಿಕೊಂಡು, ಟೇಪುಗಳನ್ನು ಬರುವ ಕ್ರಮದಲ್ಲಿ ಜೋಡಿಸಿಕೊಂಡು, ಒಂದು ಲೋಟ ಬಿಸಿನೀರು ಕುಡಿದು ಕೂರಬೇಕು. 5.55ಕ್ಕೆ ಆ ಸಂಕೇತ ಸಂಗೀತ. ಮೂವತ್ತರ ದಶಕದಲ್ಲಿ ಯುರೋಪಿನಿಂದ ತಪ್ಪಿಸಿಕೊಂಡು ಮುಂಬೈಗೆ ಬಂದ ವಾಲ್ಟರ್ ಕಾಫ್‌ಮನ್ ಎಂಬ ಸಂಗೀತಗಾರ ಮಾಡಿದ್ದು ಅದು. ಇಪ್ಪತ್ತೆರಡು ವರ್ಷ ಕೇಳಿದೆ. ಒಮ್ಮೆಯೂ ಬೇಜಾರಾಗಲಿಲ್ಲ, ಬದಲಿಗೆ ಹೊಟ್ಟೆಯಲ್ಲಿ ಸಣ್ಣಗೆ ಹೆದರಿಕೆ ಆಗುತ್ತಿತ್ತು. ಮೈಕಿನ ದನಿ ಬಿಡುವ ಫೇಡರ್ ಮೇಲೆತ್ತಿದರೆ ಐವತ್ತು ಅರವತ್ತು ಕಿಲೋಮೀಟರ್ ಸುತ್ತಲಿನ ಹಳ್ಳಿಗಳಲ್ಲಿ ನನ್ನ ಗಂಟಲು. ಯಾರೋ ಹಸುವಿನ ಕೆಚ್ಚಲು ತೊಳೆಯುತ್ತಿರುತ್ತಾರೆ, ಯಾರೋ ಒಲೆ ಊದುತ್ತಿರುತ್ತಾರೆ. ಕೆಮ್ಮಿದರೆ ಅವರಿಗೆಲ್ಲ ಕೇಳುತ್ತದೆ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಅಜ್ಜನ ಪ್ರಶ್ನೆ ಇದ್ದದ್ದು ಅದರ ಮೇಲೇ.

ಕೋರಿಕೆ ಕಾರ್ಯಕ್ರಮ ಅಂದರೆ ಹಾಡಿನ ಕಾರ್ಯಕ್ರಮ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಮೊದಲ ಮೂರು ತಿಂಗಳಲ್ಲೇ ಆ ಭ್ರಮೆ ಹೋಯಿತು. ಹಾಡು ಬೇಕಾದರೆ ಟೇಪ್ ರೆಕಾರ್ಡರ್ ಇತ್ತು, ಹೋಟೆಲಿನಲ್ಲಿ ಹಾಕುತ್ತಿದ್ದರು, ಜಾತ್ರೆಯಲ್ಲಿ ಮೈಕಿನಲ್ಲಿ ಬರುತ್ತಿತ್ತು. ಜನ ಕಾಯುತ್ತಿದ್ದದ್ದು ಹೆಸರಿಗೆ. 15 ಪೈಸೆಯ ಪೋಸ್ಟ್ ಕಾರ್ಡಿನಲ್ಲಿ ಹಾಡಿನ ಹೆಸರು ಒಂದು ಸಾಲು, ಕೇಳುವವರ ಹೆಸರು ಹತ್ತು ಸಾಲು. ಗಂಡ, ಹೆಂಡತಿ, ಮಕ್ಕಳು, ಭಾವಮೈದ, ಪಕ್ಕದ ಮನೆಯವರು, ಜೊತೆಗೆ "ಹಾಗೂ ಸಂಗಡಿಗರು". ಒಂದು ಕಾರ್ಡಿನಲ್ಲಿ ಎತ್ತುಗಳ ಹೆಸರೂ ಇತ್ತು. ಓದಿದೆ. ಡ್ಯೂಟಿ ಆಫೀಸರ್ ಗಾಜಿನ ಆಚೆಯಿಂದ ಕಣ್ಣು ಬಿಟ್ಟರು. ಮುಂದಿನ ವಾರ ಆ ಒಂದೇ ಊರಿಂದ ಹದಿನಾಲ್ಕು ಕಾರ್ಡು, ಎಲ್ಲದರಲ್ಲೂ ಎತ್ತುಗಳು. ಅದಾದ ಮೇಲೆ ಎತ್ತು ನಿಂತವು.

ಊರಿನ ಹೆಸರು ಓದುವುದು ಇನ್ನೂ ಕಷ್ಟದ ಕೆಲಸ. ನಮ್ಮ ಕಡೆ ಹೊಸಹಳ್ಳಿಗಳೇ ಐದಾರು. ಸುಮ್ನೆ "ಹೊಸಹಳ್ಳಿಯಿಂದ" ಅಂದರೆ ಐದು ಊರಿನವರು ನಮ್ಮದೇ ಅಂದುಕೊಳ್ಳುತ್ತಾರೆ, ಆರನೆಯವರು ಜಗಳಕ್ಕೆ ಬರುತ್ತಾರೆ. ಹಾಗಾಗಿ ನಾವೇ ಅಡ್ಡಹೆಸರು ಇಟ್ಟುಕೊಂಡೆವು. ಕೆರೆ ಹಿಂದಿನ ಹೊಸಹಳ್ಳಿ. ಗೇಟ್ ಹೊಸಹಳ್ಳಿ. ಗುಡ್ಡದ ಹೊಸಹಳ್ಳಿ. ಕೆಲವು ದಿನಕ್ಕೆ ಜನ ಕಾರ್ಡಿನಲ್ಲೇ ಹಾಗೆ ಬರೆಯತೊಡಗಿದರು. ಒಬ್ಬ ಪೋಸ್ಟ್‌ಮ್ಯಾನ್ ಸಿಕ್ಕಿದಾಗ, ನಿಮ್ಮಿಂದ ನಮಗೂ ಅನುಕೂಲ ಆಯ್ತು ಮೇಡಂ ಎಂದಿದ್ದರು. ಗೊಲ್ಲರಹಟ್ಟಿ, ತಾಂಡಾ, ಕಾವಲು, ಕೊಪ್ಪಲು, ಪಾಳ್ಯ. ಮ್ಯಾಪಿನಲ್ಲಿ ಇಲ್ಲದ, ಬಸ್ಸಿನ ಬೋರ್ಡಿನಲ್ಲಿ ಬಾರದ ಊರುಗಳು. ಪೇಪರಿನಲ್ಲಿ ಬರಬೇಕಾದರೆ ಅಲ್ಲಿ ಕೊಲೆಯೋ ಅಪಘಾತವೋ ಆಗಬೇಕು. ರೇಡಿಯೋದಲ್ಲಿ ಬರಲು ಒಂದು ಕಾರ್ಡು ಸಾಕಿತ್ತು.

ತಪ್ಪು ಓದಿದರೆ ಬಿಡುತ್ತಿರಲಿಲ್ಲ. ಒಮ್ಮೆ ಹೆಸರಿನ ಹ್ರಸ್ವವನ್ನು ದೀರ್ಘ ಮಾಡಿದ್ದಕ್ಕೆ ಒಬ್ಬರು ಫೋನ್ ಮಾಡಿ, "ಅಕ್ಕಾ, ನಮ್ಮೂರನ್ನು ಅಷ್ಟು ಎಳೆದರೆ ಪಕ್ಕದ ತಾಲ್ಲೂಕಿಗೆ ಹೋಗುತ್ತೆ" ಎಂದರು. ಅವತ್ತಿಂದ ಒಂದು ನೋಟ್ ಬುಕ್ ಮಾಡಿದೆ. ಊರಿನ ಹೆಸರು, ಊರಿನವರು ಹೇಳುವ ರೀತಿ, ಗುರುತು. ಕ್ರಮೇಣ ಅದು ಎಲ್ಲ ಉದ್ಘೋಷಕರ ಪುಸ್ತಕ ಆಯಿತು. ಕೊನೆಗೆ ರಟ್ಟು ಕಿತ್ತುಹೋಗಿ, ಡ್ಯೂಟಿ ರೂಮಿನ ಡ್ರಾಯರಿನಲ್ಲಿ ದಾರ ಕಟ್ಟಿ ಇಡುತ್ತಿದ್ದೆವು.

ಇನ್ನೊಂದು ನೆನಪು ಹೇಳದೆ ಮುಂದೆ ಹೋಗಲಾರೆ. ಸೋಬಾನೆ ಹಾಡುವ ಒಬ್ಬ ಅಜ್ಜಿಯನ್ನು ರೆಕಾರ್ಡಿಂಗಿಗೆ ಕರೆಸಿದ್ದರು. ಮೈಕಿನ ಮುಂದೆ ಕೂರಿಸಿ, ಕೆಂಪು ದೀಪ ಹತ್ತಿದ ಮೇಲೆ ಹಾಡಿ ಎಂದರು. ದೀಪ ಹತ್ತಿತು. ಅಜ್ಜಿ ಬಾಯಿ ಬಿಡಲಿಲ್ಲ. ಮತ್ತೆ ಹತ್ತಿಸಿದರು. ಇಲ್ಲ. "ಮದುಮಗಳು ಇಲ್ಲ, ಮುತ್ತೈದೇರು ಇಲ್ಲ, ಗೋಡೆಗೆ ಹಾಡಾಕಾಯ್ತದಾ?" ಎಂದರು. ಸರಿ ಎಂದು ಕಸ ಗುಡಿಸುವ ಇಬ್ಬರನ್ನೂ ನನ್ನನ್ನೂ ಎದುರು ಚಾಪೆ ಹಾಸಿ ಕೂರಿಸಿದರು. ನನಗೆ ಮದುಮಗಳ ಪಾತ್ರ. ಆಗ ನನ್ನ ಮಗಳು ಎರಡನೇ ಕ್ಲಾಸು. ಅಜ್ಜಿ ನಲವತ್ತು ನಿಮಿಷ ನಿಲ್ಲಿಸಲೇ ಇಲ್ಲ. ಸ್ಪೂಲ್ ಮುಗಿದು ಟೇಪಿನ ತುದಿ ಪಟಪಟ ಬಡಿದುಕೊಳ್ಳುತ್ತಿದ್ದರೂ ಹಾಡುತ್ತಲೇ ಇದ್ದರು.

ಆ ಕಾಲದ ಟೇಪುಗಳ ಹಣೆಬರಹ ರೇಡಿಯೋದವರಿಗೆಲ್ಲ ಗೊತ್ತು. ಹೊಸ ಸ್ಪೂಲ್ ಸಾಲದೆ ಬಂದಾಗ ಹಳೆಯದನ್ನು ಅಳಿಸಿ ಮತ್ತೆ ಬಳಸುವುದು ಎಷ್ಟೋ ಕೇಂದ್ರಗಳ ರೂಢಿ. ಉಳಿದದ್ದಕ್ಕೆ ತೇವ ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ, ಓಡಿಸುವ ಯಂತ್ರ ಕೆಟ್ಟರೆ ರಿಪೇರಿಯವರು ಸಿಗುವುದಿಲ್ಲ. ದೊಡ್ಡ ಗಾಯಕರದ್ದು ದೆಹಲಿಯ ಸಂಗ್ರಹಕ್ಕೆ ಹೋಗಿ ಉಳಿಯುತ್ತದೆ. ಚಾಪೆ ಮೇಲೆ ಕೂರಿಸಿ ಹಾಡಿಸಿದ್ದು ಎಲ್ಲಿಗೆ ಹೋಗಬೇಕು?

ಈ ಸಣ್ಣ ಕೇಂದ್ರಗಳು ಹುಟ್ಟಿದ್ದು ಸುಮ್ಮನೆ ಅಲ್ಲ. 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಆಕಾಶವಾಣಿಯ ಮೊದಲ ಸ್ಥಳೀಯ ಕೇಂದ್ರ ಶುರುವಾಯಿತು. ರಾಜ್ಯದ ದೊಡ್ಡ ಕೇಂದ್ರ ಇಡೀ ರಾಜ್ಯಕ್ಕೆ ಮಾತಾಡುತ್ತದೆ. ಇದು ಒಂದು ಜಿಲ್ಲೆಗೆ, ಅಲ್ಲಿಯ ಮಾತಿನಲ್ಲಿ, ಅಲ್ಲಿಯ ಬೆಳೆ, ಅಲ್ಲಿಯ ಕಾಯಿಲೆ, ಅಲ್ಲಿಯ ಸಂತೆ ಬಗ್ಗೆ ಮಾತಾಡಲಿ ಅಂತ. ತೊಂಬತ್ತರ ದಶಕದಲ್ಲಿ ನಮ್ಮ ರಾಜ್ಯದಲ್ಲೂ ಹಾಸನ, ಚಿತ್ರದುರ್ಗ, ಮಡಿಕೇರಿ ಹೀಗೆ ಒಂದೊಂದಾಗಿ ಎಫ್‌.ಎಂ. ಕೇಂದ್ರಗಳು ಬಂದವು. ಧಾರವಾಡ, ಬೆಂಗಳೂರು, ಭದ್ರಾವತಿ, ಕಲಬುರಗಿ, ಮಂಗಳೂರು ಮೊದಲೇ ಇದ್ದವು.

ಅದಕ್ಕೂ ಹಿಂದಿನ ಕಥೆ ನೋಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ 30 ವ್ಯಾಟಿನ ಯಂತ್ರ ಇಟ್ಟುಕೊಂಡು ರೇಡಿಯೋ ಶುರುಮಾಡಿದರು. ನಮ್ಮ ಮನೆ ವರಾಂಡದ ಬಲ್ಬು 40 ವ್ಯಾಟು. ಆಕಾಶವಾಣಿ ಎಂಬ ಹೆಸರು ಅಂಟಿದ್ದು ಆ ಕೇಂದ್ರಕ್ಕೆ. ಅದನ್ನೇ ಆಮೇಲೆ ದೇಶದ ರೇಡಿಯೋ ತೆಗೆದುಕೊಂಡಿತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೋ ಎನ್ನುವುದನ್ನು ಬಿಟ್ಟು ಎಲ್ಲ ಕಡೆ ಆಕಾಶವಾಣಿ ಎಂದೇ ಹೇಳಬೇಕು ಎಂದಾಯಿತು. ಅಂದರೆ ಇಡೀ ದೇಶ ಇವತ್ತು ಹೇಳುತ್ತಿರುವುದು ಒಂದು ಊರಿನ ಒಂದು ಮನೆಯ ರೇಡಿಯೋದ ಹೆಸರು. ನನಗೆ ಇದು ಹೆಮ್ಮೆಯೂ ಹೌದು, ಸ್ವಲ್ಪ ನಗುವೂ ಬರುತ್ತದೆ.

ಯಾಕೆಂದರೆ ಅದೇ 2023ರಲ್ಲಿ ಇನ್ನೊಂದು ಸುದ್ದಿ ಬಂತು. ಏಪ್ರಿಲ್ 28ರಂದು ಒಂದೇ ದಿನ ದೇಶದಲ್ಲಿ 91 ಹೊಸ ಎಫ್‌.ಎಂ. ಟ್ರಾನ್ಸ್‌ಮಿಟರುಗಳು ಉದ್ಘಾಟನೆ ಆದವು. ಒಂದೊಂದೂ 100 ವ್ಯಾಟ್. ಆ ವರ್ಷ ಜನವರಿಯಲ್ಲಿ ಪ್ರಸಾರ ಜಾಲಕ್ಕೆ ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಮೊತ್ತದ ಯೋಜನೆಗೆ ಒಪ್ಪಿಗೆಯೂ ಸಿಕ್ಕಿತ್ತು. ದೇಶದ ಶೇಕಡ 68ರಷ್ಟು ಜನರಿಗೆ ತಲುಪುತ್ತಿದ್ದ ಎಫ್‌.ಎಂ. ಶೇಕಡ 80 ಜನರಿಗೆ ತಲುಪಲಿ ಎನ್ನುವುದು ಗುರಿ. ಓದಿದಾಗ ಸಂತೋಷಪಟ್ಟೆ. ಆಮೇಲೆ ಯೋಚನೆ ಮಾಡಿದೆ. 100 ವ್ಯಾಟಿನ ಇಂಥ ಟವರಿನ ಕೆಳಗೆ ಸ್ಟುಡಿಯೋ ಇರುವುದಿಲ್ಲ. ಕೋಣೆ ಇರುತ್ತದೆ, ಯಂತ್ರ ಇರುತ್ತದೆ, ಡಿಶ್ ಇರುತ್ತದೆ. ಬೇರೆ ಕಡೆಯಿಂದ ಬಂದದ್ದನ್ನು ಹಿಡಿದು ಹಾಗೇ ಬಿಡುವುದು. ಮೈಕ್ ಇಲ್ಲ. ಗೋಪಾಲಸ್ವಾಮಿಯವರ 30 ವ್ಯಾಟಿಗೆ ಒಂದು ಬಾಯಿ ಇತ್ತು.

ನನ್ನ ತಕರಾರು ಇಷ್ಟೇ. ಸರ್ಕಾರಿ ಭಾಷೆಯಲ್ಲಿ ರೇಡಿಯೋ ಒಂದು ಊರನ್ನು ತಲುಪಿದೆ ಎಂದರೆ ಆ ಊರಿಗೆ ರೇಡಿಯೋ ಕೇಳಿಸುತ್ತದೆ ಎಂದರ್ಥ. ಆ ಊರಿನ ದನಿ ರೇಡಿಯೋದಲ್ಲಿ ಕೇಳಿಸುತ್ತದಾ ಎನ್ನುವುದಕ್ಕೆ ಯಾವ ಅಂಕಣವೂ ಇಲ್ಲ. ಆ ಶೇಕಡಾ ಲೆಕ್ಕದಲ್ಲಿ ಅಜ್ಜನ ಹಟ್ಟಿ ಇದೆ. ಅಜ್ಜ ಕೇಳಿದ್ದು ಬೇರೆ ಲೆಕ್ಕ.

ಸ್ಟುಡಿಯೋ ಇರುವ ಕೇಂದ್ರಗಳೂ ಹೀಗೆಯೇ ನಿಧಾನಕ್ಕೆ ಟವರ್ ಆಗುತ್ತವೆ. ಯಾರೂ ಒಂದು ದಿನ ಬಂದು ಬಾಗಿಲು ಹಾಕುವುದಿಲ್ಲ. ಹಾಕಿದ್ದರೆ ಜನ ಧರಣಿ ಕೂರುತ್ತಿದ್ದರು, ಪೇಪರಿನಲ್ಲಿ ಬರುತ್ತಿತ್ತು. ಒಬ್ಬರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಯಾರೂ ಬರುವುದಿಲ್ಲ. ಕೃಷಿ ಕಾರ್ಯಕ್ರಮ ನೋಡುತ್ತಿದ್ದವರು ಯುವಜನರದ್ದನ್ನೂ ನೋಡುತ್ತಾರೆ, ಆಮೇಲೆ ಮಹಿಳೆಯರದ್ದನ್ನೂ. ಮಧ್ಯಾಹ್ನದ ಪ್ರಸಾರಕ್ಕೆ ಜನ ಸಾಲದು ಎಂದು ಬೆಂಗಳೂರಿನಿಂದ ಸಹಪ್ರಸಾರ, ಅಂದರೆ ಅಲ್ಲಿಯದನ್ನೇ ಹಾಗೇ ಬಿಡುವುದು. ನಂತರ ಸಂಜೆ. ಮರುಪ್ರಸಾರ ಎಂದು ಹೇಳಿ ಹಳೆಯ ಸಂದರ್ಶನ ಹಾಕುತ್ತಾರೆ. ಅದರಲ್ಲಿ ಮಾತಾಡಿದವರು ತೀರಿಕೊಂಡು ವರ್ಷಗಳಾಗಿರುತ್ತವೆ, ಹಿಂಗಾರು ಬಿತ್ತನೆಗೆ ಸಲಹೆ ಕೊಡುತ್ತಿರುತ್ತಾರೆ. ಡ್ಯೂಟಿ ಪಟ್ಟಿಯಲ್ಲಿ ನನ್ನ ಹೆಸರು ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ ಇಳಿಯಿತು. ಒಂದು ತಿಂಗಳು ಬರಲಿಲ್ಲ. ನಾನೂ ಕೇಳಲಿಲ್ಲ. ಮಗಳ ಬಾಣಂತನ ಇತ್ತು.

ಬೆಂಗಳೂರಿನವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕಾರ್ಯಕ್ರಮ ಚೆನ್ನಾಗೇ ಇರುತ್ತವೆ, ನಮ್ಮದಕ್ಕಿಂತ ಎಷ್ಟೋ ಸಲ ಮೇಲು. ನಾವು ಮಾಡುತ್ತಿದ್ದದ್ದರಲ್ಲಿ ಅರ್ಧ ಬರೀ ಭಾಷಣ, ಅದನ್ನೂ ಒಪ್ಪಿಕೊಳ್ಳಬೇಕು. "ಜನಸಂಖ್ಯಾ ಸ್ಫೋಟ" ಎಂಬ ಹದಿನೈದು ನಿಮಿಷದ ಭಾಷಣವನ್ನು ನಾನೇ ಎಷ್ಟು ಸಲ ಹಾಕಿದ್ದೇನೋ. ಕೇಳುಗರು ಆ ಹೊತ್ತಿಗೆ ಸ್ನಾನಕ್ಕೆ ಹೋಗುತ್ತಿದ್ದರು. ಆದರೆ ಬೆಂಗಳೂರಿನಲ್ಲಿ ಕೂತವರಿಗೆ ಕೆರೆ ಹಿಂದಿನ ಹೊಸಹಳ್ಳಿ ಗೊತ್ತಿರಲು ಸಾಧ್ಯವೇ ಇಲ್ಲ. ಗೊತ್ತಿರಬೇಕು ಎನ್ನುವುದೂ ಅನ್ಯಾಯ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 2023ರಲ್ಲಿ ಬಿಬಿಸಿ ಇಂಗ್ಲೆಂಡಿನ ತನ್ನ 39 ಸ್ಥಳೀಯ ಕೇಂದ್ರಗಳಲ್ಲಿ ಮಧ್ಯಾಹ್ನದ ಮೇಲೆ ಹೆಚ್ಚಿನ ಕಾರ್ಯಕ್ರಮಗಳನ್ನು ಅಕ್ಕಪಕ್ಕದವರು ಹಂಚಿಕೊಳ್ಳುವ ಏರ್ಪಾಡು ಮಾಡಿತು. ಅಮೆರಿಕದ ಮೈನಾಟ್ ಎಂಬ ಸಣ್ಣ ಊರಿನದ್ದು ಇನ್ನೂ ಕೆಟ್ಟ ಕಥೆ. 2002ರ ಜನವರಿಯ ಒಂದು ರಾತ್ರಿ ಊರ ಹೊರಗೆ ಗೂಡ್ಸ್ ರೈಲು ಹಳಿ ತಪ್ಪಿ ಅಮೋನಿಯಾ ಸೋರಿ ವಿಷದ ಮೋಡ ಎದ್ದಿತು. ಊರಿನ ಆರೂ ವಾಣಿಜ್ಯ ರೇಡಿಯೋಗಳು ಒಂದೇ ಕಂಪನಿಯವು. ಪೊಲೀಸರು ಫೋನ್ ಮಾಡಿದರು. ಎತ್ತುವವರು ಸಿಗಲಿಲ್ಲ. ಹಾಡು ಮಾತ್ರ ಬರುತ್ತಿತ್ತು, ಯಂತ್ರ ತನ್ನ ಪಾಡಿಗೆ ಹಾಕುತ್ತಿತ್ತು. ತಪ್ಪು ಯಾರದ್ದು ಎಂದು ಆಮೇಲೆ ಬಹಳ ದಿನ ವಾದ ನಡೆಯಿತು. ನನಗೆ ಅದನ್ನು ಓದಿದಾಗ ಕಣ್ಣಿಗೆ ಕಟ್ಟಿದ್ದು ಆ ಖಾಲಿ ಕೋಣೆಯಲ್ಲಿ ಬಡಿದುಕೊಳ್ಳುವ ಫೋನು. ಡ್ಯೂಟಿ ರೂಮಿನ ಫೋನ್ ಮೂರನೇ ರಿಂಗಿಗೆ ಎತ್ತದಿದ್ದರೆ ನಮಗೆ ಬೈಗುಳ ಬೀಳುತ್ತಿತ್ತು.

"ಈಗ ಯಾರು ಕೇಳ್ತಾರೆ ರೇಡಿಯೋ?" ಎಂದು ನನ್ನ ಅಳಿಯನೇ ಕೇಳುತ್ತಾನೆ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಟೈಲರ್ ಅಂಗಡಿಯಲ್ಲಿ ಕೇಳುತ್ತಾರೆ. ಆದರೆ ಹಿಂದಿನಷ್ಟು ಇಲ್ಲ, ಅವನ ಮಾತು ತೆಗೆದುಹಾಕುವಂತಿಲ್ಲ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಎಫ್‌.ಎಂ. ಇತ್ತು, ಇಯರ್‌ಫೋನ್ ತಂತಿಯೇ ಏರಿಯಲ್. ಎಷ್ಟೋ ಹೊಸ ಫೋನುಗಳಲ್ಲಿ ಆ ತಂತಿ ಸಿಕ್ಕಿಸುವ ತೂತೇ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ಫೋನ್ ಕಂಪನಿಗಳಿಗೆ, ಎಫ್‌.ಎಂ. ಸೌಲಭ್ಯ ಇದ್ದರೆ ಅದನ್ನು ಮುಚ್ಚಿಡಬೇಡಿ ಎಂದು ಸೂಚನೆ ಕೊಟ್ಟಿತು. ಒಳ್ಳೆಯದೇ. ಆ್ಯಪ್‌ನಲ್ಲೂ ಆಕಾಶವಾಣಿ ಸಿಗುತ್ತದೆ, ದುಬೈನಲ್ಲಿ ಕೂತು ನಮ್ಮ ಕೇಂದ್ರ ಕೇಳಬಹುದು ಎಂದು ಅಳಿಯ ಹಾಕಿ ತೋರಿಸಿದ. ಆ ಹೊತ್ತಿಗೆ ಸಹಪ್ರಸಾರ ಬರುತ್ತಿತ್ತು. ಇಬ್ಬರೂ ಸುಮ್ಮನೆ ಕೂತು ಕೇಳಿದೆವು. ಬೆಂಗಳೂರಿನ ಹವಾಮಾನ.

ಈಗ ವಾರಕ್ಕೊಂದು ದಿನ ಒಂದು ಸಮುದಾಯ ರೇಡಿಯೋಗೆ ಹೋಗುತ್ತೇನೆ. ಮಕ್ಕಳಿಗೆ ಮೈಕಿನ ಮುಂದೆ ಉಸಿರಾಡುವುದನ್ನು ಹೇಳಿಕೊಡಲು. 2006ರಲ್ಲಿ ಸಂಘ ಸಂಸ್ಥೆಗಳಿಗೂ ರೇಡಿಯೋ ನಡೆಸಲು ಅವಕಾಶ ಕೊಟ್ಟ ಮೇಲೆ ಇಂಥವು ದೇಶದಲ್ಲಿ 500 ದಾಟಿವೆ. 50 ವ್ಯಾಟಿನ ಟ್ರಾನ್ಸ್‌ಮಿಟರ್, ಹತ್ತು ಕಿಲೋಮೀಟರ್ ಹೋದರೆ ದೊಡ್ಡದು. ಸ್ವಂತ ಸುದ್ದಿ ಓದುವ ಹಾಗಿಲ್ಲ. ಕರೆಂಟು ಹೋಗುತ್ತದೆ, ನೀರು ಬರುವುದಿಲ್ಲ, ಮಳೆ ಜೋರಿದೆ ಅಂತ ಹೇಳಬಹುದು. ನೀರು ಯಾಕೆ ಬರುವುದಿಲ್ಲ ಎಂದು ಕೆದಕಲು ಹೋದರೆ ಅದು ಸುದ್ದಿ ಆಗಿಬಿಡುತ್ತದೆ! ದುಡ್ಡಿನ ತಾಪತ್ರಯ ಬೇರೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದಾರೆ, ಫ್ಯಾನ್ ಹಾಕಿದರೆ ರೆಕಾರ್ಡಿಂಗಿನಲ್ಲಿ ಸದ್ದು ಬರುತ್ತದೆ, ಹಾಕದಿದ್ದರೆ ಓದುವವರು ಬೆವರುತ್ತಾರೆ.

ಹೋದ ವಾರ ಪಿಯುಸಿ ಓದುವ ಹುಡುಗಿಯೊಬ್ಬಳು ಪೋಲಿಯೋ ಲಸಿಕೆಯ ಊರುಗಳ ಪಟ್ಟಿ ಓದುತ್ತಿದ್ದಳು. ನನ್ನ ನೋಟ್ ಬುಕ್ಕಿನ ಅರ್ಧ ಊರುಗಳು ಅದರಲ್ಲಿದ್ದವು. ಚೆನ್ನಾಗಿ ಓದುತ್ತಿದ್ದಳು. ಒಂದು ಕಡೆ "ಎರೆಹಳ್ಳಿ" ಎಂದಳು. ನಾನು ಕೈ ಎತ್ತಿ ನಿಲ್ಲಿಸಿದೆ. "ಯರೇಹಳ್ಳಿ ಕಣಮ್ಮಾ. ಬೋರ್ಡಿನಲ್ಲೂ ಹಾಗೇ ಇದೆ. ನಾನು ಇಪ್ಪತ್ತೆರಡು ವರ್ಷ ಓದಿದ್ದೀನಿ."

ಹುಡುಗಿ ಹಾಳೆ ಕೆಳಗಿಟ್ಟಳು. "ಬೋರ್ಡು ಬರೆದವರು ಬೇರೆ ಊರಿನವರು ಮೇಡಂ. ನಮ್ಮದು ಎರೆ ಮಣ್ಣು, ಅದಕ್ಕೆ ಎರೆಹಳ್ಳಿ. ನಮ್ಮಜ್ಜಿ ಯಾವಾಗ್ಲೂ ಬೈತಿದ್ರು, ಆ ರೇಡಿಯೋದವಳಿಗೆ ನಮ್ಮೂರು ಹೇಳೋಕೆ ಬರಲ್ಲ ಅಂತ."

ಕಾರ್ಡು ಹಾಕಿ ತಿದ್ದಬಹುದಿತ್ತಲ್ಲ ಎಂದೆ. ಅಜ್ಜಿಗೆ ಬರೆಯಲು ಬರುತ್ತಿರಲಿಲ್ಲವಂತೆ.

ಮತ್ತೆ ಮೊದಲಿಂದ ಓದು ಎಂದೆ. ಅವಳು ಓದಿದಳು. ಫ್ಯಾನ್ ನಿಲ್ಲಿಸಿಕೊಂಡು, ಅವಳು ಹೇಳಿದ ಹಾಗೇ ಇಟ್ಟುಕೊಂಡು ರೆಕಾರ್ಡ್ ಮಾಡಿದೆವು.